ಕರುಳು ಕೆರಳಿದರೂ ಗಂಗಾಳ ಬರಿದಾಗಬಾರದು

ಟಿಕೋಟಾ ಮತ್ತು ಬಬಲೇಶ್ವರದಿಂದ ಬಸ್ಸು ಹಿಡಿದು ಬಂದಿರುವ ತಾಯಂದಿರೆ, ವಿದ್ಯಾರ್ಥಿ ಮಿತ್ರರೆ,

ದತ್ತಿ ಉಪನ್ಯಾಸಕ್ಕೆ ವಚನ, ಇತಿಹಾಸ, ನೀರಾವರಿ ಇಂಥ ವಿಷಯ ಆರಿಸುವುದು ನಮ್ಮ ಕಡೆ ವಾಡಿಕೆ. ಹೊಟ್ಟೆಯುಬ್ಬರ ಮತ್ತು ಸಂಡಾಸದ ತೊಂದರೆಯ ಕುರಿತು ಮಾತಾಡುತ್ತೇನೆ ಎಂದಾಗ ಸಂಘಟಕರು ಹಿಂದೆಮುಂದೆ ನೋಡದೆ ಒಪ್ಪಿದರು. ಅದಕ್ಕಾಗಿ ಅವರಿಗೆ ಮೊದಲ ವಂದನೆ.

ಆಹಾರ ಸಲಹೆ ಕೊಡುವುದು ನನ್ನ ಕೆಲಸ. ನನ್ನ ಮುಂದೆ ಬಂದು ಕೂಡುವವರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. "ಹೊಟ್ಟಿ ಉಬ್ಬರಸ್ತದ್ರೀ." "ಸಂಡಾಸ ಪೂರಾ ಸಾಫ್ ಆಗಂಗಿಲ್ರೀ." "ಉಂಡ ಕೂಡ್ಲೆ ಓಡಬೇಕಾಗ್ತದ." ಕೈಯಲ್ಲಿ ಸ್ಕ್ಯಾನಿಂಗ್, ಎಂಡೋಸ್ಕೋಪಿ, ರಕ್ತ ತಪಾಸಣೆಯ ಕಾಗದಗಳ ದಪ್ಪ ಚೀಲ. ಎಲ್ಲದರ ಮೇಲೂ ನಾರ್ಮಲ್ ಎಂದು ಬರೆದಿರುತ್ತದೆ. ಮನೆಯವರ ಪಾಲಿಗೆ ಅಲ್ಲಿಗೆ ರೋಗ ಮುಗಿಯಿತು. ನೋವು ಮಾತ್ರ ಮುಗಿದಿರುವುದಿಲ್ಲ.

ನಿನ್ನೆ ಮುಂಜಾನೆಯಿಂದ ಮಲಗುವ ತನಕ ಏನೇನು ಉಂಡಿರಿ ಎಂದು ನಾನು ಕೇಳುತ್ತೇನೆ. ಆಗ ಬರುವ ಉತ್ತರ ನನಗೆ ತಪಾಸಣೆಯ ಕಾಗದಗಳಿಗಿಂತ ಹೆಚ್ಚು ಚಿಂತೆ ತರುತ್ತದೆ. ಒಂದು ದಿನ ಮಡಕಿಕಾಳಿನ ಪಲ್ಯ ತಿಂದಾಗ ಹೊಟ್ಟೆ ಉಬ್ಬಿತು, ಕಾಳು ಬಿಟ್ಟರು. ಇನ್ನೊಂದು ದಿನ ಮೆಂತೆಪಲ್ಯ ಉಂಡು ಭೇದಿಯಾಯಿತು, ತಪ್ಪಲುಪಲ್ಯ ಬಿಟ್ಟರು. ಯಾರೋ ರೊಟ್ಟಿ ಜಡ ಎಂದರು, ರೊಟ್ಟಿಯೂ ಹೋಯಿತು. ಹಣ್ಣು, ಹಾಲು, ಮೊಸರು ಒಂದೊಂದಾಗಿ ಗಂಗಾಳದಿಂದ ಇಳಿದವು. ಕೊನೆಗೆ ಉಳಿದದ್ದು ಅನ್ನ, ತಿಳಿ ಸಾರು, ಚಹಾ, ಬ್ರೆಡ್ಡು, ಬಿಸ್ಕಿಟ್ಟು. ಹೀಗೆ ವರ್ಷಗಟ್ಟಲೆ ಬದುಕುತ್ತಿರುವ ಹೆಣ್ಣುಮಕ್ಕಳನ್ನು ನೋಡುತ್ತೇನೆ: ಕಣ್ಣರೆಪ್ಪೆಯ ಒಳಗೆ ರಕ್ತವಿಲ್ಲ, ಮೆಟ್ಟಿಲು ಹತ್ತಿದರೆ ಏದುಸಿರು, ಹೊಟ್ಟೆ ಮಾತ್ರ ಇನ್ನೂ ಉಬ್ಬುತ್ತಲೇ ಇದೆ.

ಆದ್ದರಿಂದ ಇವತ್ತು ನನ್ನ ಮಾತು ಒಂದೇ ವಿಷಯದ ಸುತ್ತ. ಈ ತೊಂದರೆಗೆ ಊಟ ಬಿಡುವುದು ಮದ್ದಾಗುವುದಿಲ್ಲ. ಅಳತೆ, ಅಡಿಗೆಯ ಕ್ರಮ, ಹೊತ್ತು ಇವನ್ನು ಬದಲಿಸಿಕೊಂಡರೆ ನಮ್ಮ ನೆಲದ ಊಟವನ್ನೇ ಹೆಚ್ಚುಕಡಿಮೆ ಪೂರ್ತಿಯಾಗಿ ಉಣ್ಣಬಹುದು.

ವೈದ್ಯರು ಚೀಟಿಯಲ್ಲಿ ಐಬಿಎಸ್ ಎಂದು ಬರೆಯುವ ಇರಿಟಬಲ್ ಬವೆಲ್ ಸಿಂಡ್ರೋಮ್‌ನಲ್ಲಿ ಕರುಳಿನ ಒಳಪದರ ನೋಡಲು ಚೆನ್ನಾಗಿಯೇ ಇರುತ್ತದೆ. ಹದ ತಪ್ಪಿರುವುದು ಕರುಳಿಗೂ ಮಿದುಳಿಗೂ ನಡುವಿನ ನರಗಳ ವ್ಯವಹಾರ. ಕರುಳು ಒಮ್ಮೆ ಅವಸರದಿಂದ ಹಿಂಡುತ್ತದೆ, ಒಮ್ಮೆ ಮಂಕಾಗಿ ಬೀಳುತ್ತದೆ. ಬೇರೆಯವರಿಗೆ ಗೊತ್ತೇ ಆಗದಷ್ಟು ಗಾಳಿ ಇವರಿಗೆ ನೋವಾಗಿ ತಟ್ಟುತ್ತದೆ. 2016ರಲ್ಲಿ ಬಂದ ರೋಮ್-4 ಮಾನದಂಡದ ಪ್ರಕಾರ ಕಳೆದ ಮೂರು ತಿಂಗಳಲ್ಲಿ ಸರಾಸರಿ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವು ಇರಬೇಕು. ಆ ನೋವು ಸಂಡಾಸಕ್ಕೆ ಹೋಗುವುದರೊಂದಿಗೆ ತಳಕು ಹಾಕಿಕೊಂಡಿರುವುದು, ಹೋಗುವ ಸಲಗಳು ಬದಲಾಗಿರುವುದು, ಮಲದ ರೂಪ ಬದಲಾಗಿರುವುದು, ಈ ಮೂರರಲ್ಲಿ ಎರಡಾದರೂ ಕಾಣಬೇಕು. ತೊಂದರೆ ಶುರುವಾಗಿ ಆರು ತಿಂಗಳಾದರೂ ಆಗಿರಬೇಕು. ಕೆಲವರಿಗೆ ಮಲಬದ್ಧತೆ ಮುಖ್ಯ, ಕೆಲವರಿಗೆ ಭೇದಿ, ಕೆಲವರಿಗೆ ಎರಡೂ ಸರದಿಯಲ್ಲಿ.

33 ದೇಶಗಳ 73 ಸಾವಿರಕ್ಕೂ ಹೆಚ್ಚು ಜನರನ್ನು ವಿಚಾರಿಸಿದ ರೋಮ್ ಫೌಂಡೇಶನ್ನಿನ ಸಮೀಕ್ಷೆ 2021ರಲ್ಲಿ ಪ್ರಕಟವಾಯಿತು. ಇಂಟರ್ನೆಟ್ಟಿನಲ್ಲಿ ಉತ್ತರ ಬರೆದ ದೇಶಗಳಲ್ಲಿ ನೂರಕ್ಕೆ ಸುಮಾರು 4 ಜನರಿಗೆ ಐಬಿಎಸ್ ಕಂಡಿತು. ಮನೆಮನೆಗೆ ಹೋಗಿ ಕೇಳಿದ ದೇಶಗಳಲ್ಲಿ ನೂರಕ್ಕೆ 1.5 ಮಾತ್ರ. ಭಾರತ ಈ ಎರಡನೆಯ ಗುಂಪಿನಲ್ಲಿತ್ತು. ನಮ್ಮ ಊಟ ಒಳ್ಳೆಯದು ಎಂಬುದು ಇದಕ್ಕೆ ಒಂದು ಕಾರಣ ಇರಬಹುದು. ಆದರೆ ಅಂಗಳದಲ್ಲಿ ಅತ್ತೆ, ಮಾವ, ಮೈದುನ ಕುಳಿತಿರುವಾಗ ಅಪರಿಚಿತರೊಬ್ಬರು ಬಂದು ಸಂಡಾಸದ ವಿಷಯ ಕೇಳಿದರೆ ನಮ್ಮ ಸೊಸೆಯಂದಿರು ಏನು ಹೇಳಿಯಾರು ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

ಮುಂದೆ ಹೋಗುವ ಮೊದಲು ಒಂದು ಎಚ್ಚರಿಕೆ. ಮಲದಲ್ಲಿ ರಕ್ತ, ತಾನಾಗಿ ತೂಕ ಇಳಿಯುವುದು, ರಕ್ತಹೀನತೆ, ಜ್ವರ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ, ಮನೆತನದಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್: ಇವುಗಳಲ್ಲಿ ಒಂದಿದ್ದರೂ ನನ್ನಂಥವರ ಹತ್ತಿರ ಬರುವ ಮೊದಲು ವೈದ್ಯರ ಹತ್ತಿರ ಹೋಗಿ. ಕರುಳಿನ ಕ್ಷಯ ನಮ್ಮ ದೇಶದಲ್ಲಿ ಇನ್ನೂ ಇದೆ. ಗೋಧಿಯ ಗ್ಲೂಟನ್ ಒಗ್ಗದ ಸೀಲಿಯಾಕ್ ರೋಗವೂ ಇದೆ. ಅದರ ರಕ್ತಪರೀಕ್ಷೆಯನ್ನು ಗೋಧಿ ತಿನ್ನುತ್ತಿರುವಾಗಲೇ ಮಾಡಿಸಬೇಕು. ಬಿಟ್ಟ ಮೇಲೆ ಮಾಡಿಸಿದರೆ ರೋಗ ತಪ್ಪಿಸಿಕೊಳ್ಳುತ್ತದೆ.

ನೆಲಕ್ಕೆ ತಕ್ಕ ಪಥ್ಯ ಎಂಬ ವಿಚಾರ ಈ ಊರಿಗೆ ಹೊಸದಲ್ಲ. ಇಲ್ಲಿ ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನಕ್ಕೆ 1589ರಲ್ಲಿ ಬಂದ ಮುಹಮ್ಮದ್ ಖಾಸಿಂ ಫಿರಿಶ್ತಾನನ್ನು ನಾವು ಇತಿಹಾಸಕಾರ ಎಂದಷ್ಟೇ ಓದುತ್ತೇವೆ. ಆತ ವೈದ್ಯವನ್ನೂ ಬಲ್ಲವನು. 'ದಸ್ತೂರುಲ್ ಅತಿಬ್ಬಾ' ಎಂಬ ಆತನ ಪಾರಸಿ ಗ್ರಂಥ ಭಾರತದ ವೈದ್ಯಪದ್ಧತಿಯನ್ನು, ಇಲ್ಲಿನ ಔಷಧ ಮತ್ತು ಆಹಾರಗಳನ್ನು ಪಾರಸಿ ಬಲ್ಲವರಿಗೆ ತಿಳಿಸಿಕೊಡುತ್ತದೆ. ಹೊರಗಿನಿಂದ ಬಂದ ವಿದ್ವಾಂಸನೊಬ್ಬ ನಾಲ್ಕು ನೂರು ವರ್ಷದ ಹಿಂದೆ ಈ ನೆಲದ ಕಾಳುಕಡ್ಡಿಗಳ ಗುಣ ತಿಳಿಯಲು ಅಷ್ಟು ಶ್ರಮಪಟ್ಟ. ಇಲ್ಲೇ ಹುಟ್ಟಿದ ನಾವು ಎಲ್ಲೋ ಮುದ್ರಿಸಿದ ಪಥ್ಯದ ಪಟ್ಟಿ ಹಿಡಿದು ಓಟ್ಸ್, ಕ್ವಿನೋವಾ ಹುಡುಕುತ್ತೇವೆ. ಇದು ನನಗೆ ನೋವಿನ ಸಂಗತಿ.

ಆ ಪಟ್ಟಿಗಳ ಹಿಂದಿನ ವಿಜ್ಞಾನ ಮಾತ್ರ ಗಟ್ಟಿಯಾದದ್ದು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಪೀಟರ್ ಗಿಬ್ಸನ್ ಮತ್ತು ಸ್ಯೂ ಶೆಪರ್ಡ್ 2005ರಲ್ಲಿ ಫಾಡ್‌ಮ್ಯಾಪ್ ಎಂಬ ಹೆಸರನ್ನು ಮುಂದಿಟ್ಟರು. ಮುಂದೆ ಅಲ್ಲಿನ ಮೊನಾಶ್ ವಿಶ್ವವಿದ್ಯಾಲಯ ಒಂದೊಂದೇ ಆಹಾರವನ್ನು ಪ್ರಯೋಗಾಲಯದಲ್ಲಿ ಅಳೆಯುತ್ತಾ ಬಂತು. ಫಾಡ್‌ಮ್ಯಾಪ್ ಎಂದರೆ ಸಣ್ಣ ಕರುಳಿನಲ್ಲಿ ಪೂರ್ತಿ ಹೀರಿಕೆಯಾಗದೆ ಮುಂದೆ ಹೋಗುವ ಕೆಲವು ಬಗೆಯ ಸಕ್ಕರೆಗಳು. ಅವು ತಮ್ಮೊಂದಿಗೆ ನೀರನ್ನು ಎಳೆದುಕೊಳ್ಳುತ್ತವೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅವನ್ನು ಹುದುಗಿಸಿ ಗಾಳಿ ಮಾಡುತ್ತವೆ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಗೋಧಿಯಲ್ಲಿ ಫ್ರಕ್ಟಾನ್, ಕಾಳುಬೇಳೆಯಲ್ಲಿ ಗ್ಯಾಲಕ್ಟೋಸಿನ ಸರಪಳಿಗಳು, ಹಾಲಿನಲ್ಲಿ ಲ್ಯಾಕ್ಟೋಸ್, ಮಾವು ಮತ್ತು ಜೇನಿನಲ್ಲಿ ಹೆಚ್ಚುವರಿ ಫ್ರಕ್ಟೋಸ್. ಇವು ವಿಷವಲ್ಲ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಇವೇ ಆಹಾರ. ಸೂಕ್ಷ್ಮವಾದ ಕರುಳಿಗೆ ಅವು ಒಮ್ಮೆಲೇ ಹೆಚ್ಚಾಗಿ ಬಂದಾಗ ಮಾತ್ರ ತಾಪತ್ರಯ.

2014ರಲ್ಲಿ ಮೊನಾಶ್ ತಂಡ 30 ಐಬಿಎಸ್ ರೋಗಿಗಳಿಗೆ 21 ದಿನ ಇಂಥ ಸಕ್ಕರೆ ಕಡಿಮೆ ಇರುವ ಊಟವನ್ನೂ ಇನ್ನು 21 ದಿನ ಆಸ್ಟ್ರೇಲಿಯಾದ ಸಾಮಾನ್ಯ ಊಟವನ್ನೂ ಕೊಟ್ಟು ನೋಡಿತು. ಮೊದಲಿನದರಲ್ಲಿ ಉಪದ್ರವ ಸುಮಾರು ಅರ್ಧಕ್ಕೆ ಇಳಿಯಿತು. ಮರುವರ್ಷ ಸ್ವೀಡನ್ನಿನಲ್ಲಿ 75 ರೋಗಿಗಳ ಮೇಲೆ ನಡೆದ ಅಧ್ಯಯನ ನನಗೆ ಇನ್ನೂ ಮುಖ್ಯ. ಅಲ್ಲಿ ಒಂದು ಗುಂಪಿಗೆ ಈ ಕಠಿಣ ಪಥ್ಯ. ಇನ್ನೊಂದು ಗುಂಪಿಗೆ ಹೇಳಿದ್ದು ಹೊತ್ತಿಗೆ ಸರಿಯಾಗಿ ಸ್ವಲ್ಪ ಸ್ವಲ್ಪ ಉಣ್ಣಿರಿ, ನಿಧಾನವಾಗಿ ಅಗಿಯಿರಿ, ಕೊಬ್ಬು, ಕಾಫಿ, ಉಳ್ಳಾಗಡ್ಡಿ, ಕಾಳು ಹಿತಮಿತವಾಗಿರಲಿ ಎಂಬಷ್ಟೇ. ಎರಡೂ ಗುಂಪಿನಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನರಿಗೆ ಗುಣ ಕಂಡಿತು. ಅಂದ ಮೇಲೆ ಮೊದಲ ಹೆಜ್ಜೆಗೆ ದುಬಾರಿ ಪಥ್ಯ ಬೇಕಿಲ್ಲ.

ಈಗ ನಮ್ಮ ಗಂಗಾಳಕ್ಕೆ ಬರೋಣ. ಡೋಣಿ ಹರಿದರೆ ಓಣೆಲ್ಲ ಜೋಳ ಎಂದು ಹಿರಿಯರು ಹೇಳಿದ ನಾಡು ಇದು. ಎರೆಮಣ್ಣಿನಲ್ಲಿ ಹಿಂಗಾರಿಗೆ ಬಿತ್ತಿ, ಮಣ್ಣಿನಲ್ಲಿ ಉಳಿದ ತೇವದ ಮೇಲೆಯೇ ಬೆಳೆಯುವ ಬಿಳಿಜೋಳ, ಅದರಲ್ಲೂ ಮಾಲದಂಡಿ, ನಮ್ಮ ಮುಖ್ಯ ಧಾನ್ಯ. ಜೋಳದಲ್ಲಿ ಗ್ಲೂಟನ್ ಇಲ್ಲ. ಮೊನಾಶ್‌ನ ಅಳತೆಯಲ್ಲಿ ಜೋಳದ ಹಿಟ್ಟು ಈ ತೊಂದರೆಯ ಸಕ್ಕರೆಗಳು ಕಡಿಮೆ ಇರುವ ಗುಂಪಿಗೆ ಸೇರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕಗಳ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, ಸುಮಾರು 10 ಗ್ರಾಂ ನಾರು ಇದೆ. ರೊಟ್ಟಿ ಬಿಟ್ಟು ಬ್ರೆಡ್ಡು ಹಿಡಿದವರು ಒಗ್ಗುವುದನ್ನು ಬಿಟ್ಟು ಫ್ರಕ್ಟಾನ್ ಇರುವ ಗೋಧಿಗೆ, ಅದರಲ್ಲೂ ನಾರಿಲ್ಲದ ಮೈದಾಕ್ಕೆ ಹೋದರು.

ಹಾಗಾದರೆ ರೊಟ್ಟಿ ಉಂಡರೆ ಭಾರವೆನ್ನುವವರ ಮಾತು ಸುಳ್ಳೇ? ಸುಳ್ಳಲ್ಲ. ಜೋಳದ ನಾರಿನ ಬಹುಪಾಲು ನೀರಿನಲ್ಲಿ ಕರಗದ ನಾರು. ಖಡಕ್ ರೊಟ್ಟಿಯನ್ನು ಅವಸರದಲ್ಲಿ ಮುರಿದು ನುಂಗಿ, ನೀರು ಕಡಿಮೆ ಕುಡಿದರೆ ಕೆರಳಿದ ಕರುಳಿಗೆ ಅದು ಒರಟಾಗುತ್ತದೆ. ತೊಂದರೆ ಜೋರಾಗಿರುವ ದಿನಗಳಲ್ಲಿ ಮೆತ್ತನ್ನ ಬಿಸಿರೊಟ್ಟಿ ಒಂದೋ ಎರಡೋ, ಇಲ್ಲವೆ ಚೆನ್ನಾಗಿ ಕುದಿಸಿದ ಜೋಳದ ನುಚ್ಚು ಸಾಕು. ಹದಕ್ಕೆ ಬಂದ ಮೇಲೆ ಮೊದಲಿನ ಅಳತೆಗೆ ಹೋಗಿ. ಮಲಬದ್ಧತೆಯವರಿಗೆ ಕರಗುವ ನಾರು ಬೇಕು. ನೆದರ್ಲೆಂಡ್ಸಿನಲ್ಲಿ 275 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಸಬಗೋಲ್ ಗುಣ ಕೊಟ್ಟಿತು. ಗೋಧಿಯ ತೌಡು ತಿಂದವರಲ್ಲಿ ಎಷ್ಟೋ ಜನ ಉಪದ್ರವ ಹೆಚ್ಚಿ ನಡುವೆಯೇ ಬಿಟ್ಟರು. ಇಸಬಗೋಲನ್ನು ತುಂಬಿದ ಲೋಟ ನೀರಿನೊಂದಿಗೇ ತೆಗೆದುಕೊಳ್ಳಬೇಕು. ದಿನಕ್ಕೆ ಒಂದು ಚಮಚ ಅಗಸಿಯೂ ಮಲಬದ್ಧತೆಗೆ ಒಳ್ಳೆಯದು. ಅಗಸಿ ಹಿಂಡಿ ಕುಟ್ಟುವುದನ್ನು ಬಲ್ಲ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಬಳ್ಳೊಳ್ಳಿ ಬಿಟ್ಟು ಜೀರಿಗೆ ಹಾಕಿ ಕುಟ್ಟಿದರಾಯಿತು.

ಉಳ್ಳಾಗಡ್ಡಿಯದು ನಮ್ಮಲ್ಲಿ ಕಠಿಣ ಪ್ರಶ್ನೆ. ರೊಟ್ಟಿಯ ಜೊತೆ ಹಸಿ ಉಳ್ಳಾಗಡ್ಡಿ ಇಲ್ಲದೆ ನಮ್ಮ ರೈತನ ಊಟವಾಗುವುದಿಲ್ಲ. ಒಗ್ಗರಣೆಗೂ ಅದೇ, ಝುಣಕಕ್ಕೂ ಅದೇ. ಇದಕ್ಕೆ ಎರಡು ದಾರಿಗಳಿವೆ. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಬಳ್ಳೊಳ್ಳಿ, ಉಳ್ಳಾಗಡ್ಡಿಯ ದೊಡ್ಡ ಚೂರುಗಳನ್ನು ಎಣ್ಣೆಯಲ್ಲಿ ಬಾಡಿಸಿ, ನೀರು ಹಾಕುವ ಮೊದಲೇ ಚೂರುಗಳನ್ನು ತೆಗೆದುಬಿಟ್ಟರೆ ಘಮ ಎಣ್ಣೆಯಲ್ಲಿ ಉಳಿಯುತ್ತದೆ, ಸಕ್ಕರೆ ಚೂರಿನೊಂದಿಗೆ ಹೋಗುತ್ತದೆ. ಎರಡನೆಯದು ಉಳ್ಳಾಗಡ್ಡಿ ತಪ್ಪಲು. ಗಡ್ಡೆಯ ಮೇಲಿನ ಹಸಿರು ಭಾಗದಲ್ಲಿ ಫ್ರಕ್ಟಾನ್ ಕಡಿಮೆ, ರೊಟ್ಟಿಗೆ ಕಚ್ಚಿಕೊಳ್ಳಲು ಸೊಗಸು. ಹಸಿ ಸವತಿಕಾಯಿ, ಮೆಂತೆ, ರಾಜಗಿರಿ, ಪಾಲಕ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಎಣ್ಣೆಗಾಯಿ ಬದನೆಯೂ ಒಂದೆರಡು ಕಾಯಿಗೆ ನಿಲ್ಲಿಸಿದರೆ ಒಗ್ಗುತ್ತದೆ, ಎಣ್ಣೆ ತೇಲಬಾರದು ಅಷ್ಟೆ. ಶೇಂಗಾದಲ್ಲಿಯೂ ಈ ಸಕ್ಕರೆಗಳು ಕಡಿಮೆ.

ಕಾಳುಬೇಳೆಯನ್ನು ಮಾತ್ರ ಬಿಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಕಾಳಿನಲ್ಲಿ ಅದು ಹೇರಳ. ರೊಟ್ಟಿ ಮತ್ತು ಕಾಳು ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತವೆ. ಮಾಂಸ, ಮೊಟ್ಟೆ ತಿನ್ನದ ಮನೆಗಳಲ್ಲಿ ಕಾಳು ಹೋದರೆ ಆ ಜಾಗಕ್ಕೆ ಬರುವಂಥದ್ದು ಹೆಚ್ಚೇನೂ ಉಳಿಯುವುದಿಲ್ಲ. ಹೊಟ್ಟೆ ಉಬ್ಬಿಸುವ ಸಕ್ಕರೆ ನೀರಿಗೆ ಇಳಿಯುವಂಥದ್ದು. ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಬೇರೆ ನೀರಿನಲ್ಲಿ ಮೆತ್ತಗೆ ಬೇಯಿಸಿ. ಮಡಕಿ, ಹೆಸರು ಮೊಳಕೆಯೊಡೆದರೆ ಮೊಳಕೆಯೇ ಆ ಸಕ್ಕರೆಯ ಒಂದು ಪಾಲನ್ನು ತಿಂದುಹಾಕುತ್ತದೆ, ಆದರೆ ಹಸಿಯಾಗಿ ಬೇಡ, ಬೇಯಿಸಿ ತಿನ್ನಿ. ಹೋಳಿಗೆಯ ದಿನ ಕಟ್ಟಿನ ಸಾರಿಗೆ ಮನಸ್ಸು ಓಡುವುದು ಸಹಜ, ಆದರೆ ಬೇಳೆಯಿಂದ ಇಳಿದ ಸಕ್ಕರೆಯೆಲ್ಲ ಆ ಕಟ್ಟಿನಲ್ಲೇ ಇರುತ್ತದೆ. ಒಂದು ಸೌಟಿಗೆ ಸಾಕು ಮಾಡಿ. ಹೆಸರುಬೇಳೆಯಿಂದ ಆರಂಭಿಸಿ, ಮೊದಲ ವಾರ ಕಾಲು ಬಟ್ಟಲು.

ಖಾರದ ಬಗ್ಗೆ ಕೇಳಿದರೆ, ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಕರುಳಿನ ನೋವಿನ ನರಗಳನ್ನೇ ನೇರವಾಗಿ ತಟ್ಟುತ್ತದೆ. ಭೇದಿ ಮುಖ್ಯವಾಗಿರುವವರು ಮಿರ್ಚಿ ಭಜಿ ಮತ್ತು ಕೆಂಪು ಖಾರ ಕಡಿಮೆ ಮಾಡಿ ನೋಡಿ, ವಾರದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಹಾಲು ಒಗ್ಗದವರಿಗೂ ಮೊಸರು, ಮಜ್ಜಿಗೆ ಬಹಳ ಸಲ ಒಗ್ಗುತ್ತದೆ. ಸುಣ್ಣದಂಶಕ್ಕೆ ಅದು ಬೇಕು. ಚಹಾ ಮೂರು ಕಪ್ಪು ದಾಟದಿರಲಿ, ಬರಿಹೊಟ್ಟೆಯಲ್ಲಿ ಬೇಡ.

ಟಿಕೋಟಾದವರು ಇಷ್ಟು ಹೊತ್ತು ಕಾಯುತ್ತಿರುವುದು ದ್ರಾಕ್ಷಿಗಾಗಿ. ಮೊನಾಶ್ ತಂಡ ದ್ರಾಕ್ಷಿಯನ್ನು ಮತ್ತೆ ಪರೀಕ್ಷಿಸಿದಾಗ ಫ್ರಕ್ಟೋಸ್ ಹೆಚ್ಚಾಗಿ ಕಂಡು, ಒಮ್ಮೆಗೆ ತಿನ್ನಬಹುದಾದ ಅಳತೆಯನ್ನು ತೀರ ಇಳಿಸಿತು. ಒಣದ್ರಾಕ್ಷಿಯಲ್ಲಿ ಫ್ರಕ್ಟಾನ್ ಇದೆ, ಒಂದು ಚಮಚಕ್ಕೆ ನಿಲ್ಲಿಸಬೇಕು. ತೋಟದಲ್ಲಿ ಕೆಲಸ ಮಾಡುತ್ತಾ ಗೊಂಚಲುಗಟ್ಟಲೆ ತಿಂದು, ಮಧ್ಯಾಹ್ನದ ಊಟ ತಪ್ಪಿಸಿ, ಸಂಜೆ ಹೊಟ್ಟೆ ಹಿಡಿದುಕೊಂಡು ಕೂಡುವವರಿಗೆ ಈ ಮಾತು. ಐಬಿಎಸ್ ಇಲ್ಲದವರು ದ್ರಾಕ್ಷಿಗೆ ಹೆದರಬೇಕಿಲ್ಲ. ಇರುವವರು ಪಪ್ಪಾಯಿ, ಕಿತ್ತಳೆ ಕಡೆ ನೋಡಬಹುದು.

ದ್ರಾಕ್ಷಿತೋಟದ ಮಾತು ಬಂದದ್ದರಿಂದ ನನಗೆ ಎಲ್ಲಕ್ಕಿಂತ ಹತ್ತಿರದ ವಿಷಯಕ್ಕೆ ಬರುತ್ತೇನೆ. ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ಬಳ್ಳಿ ಸವರುವ ಚಾಟನಿ, ಆಮೇಲೆ ಕೊಯ್ಲು, ಶೆಡ್ಡಿನಲ್ಲಿ ಒಣಗಿಸುವುದು, ಆರಿಸುವುದು ಇವೆಲ್ಲದರಲ್ಲಿ ಹೆಣ್ಣುಮಕ್ಕಳ ಕೈ ದೊಡ್ಡದು. ತೋಟದಲ್ಲಿ ಸಂಡಾಸವಿಲ್ಲ. ಆದ್ದರಿಂದ ಮುಂಜಾನೆ ಉಣ್ಣುವುದಿಲ್ಲ, ನೀರು ಕುಡಿಯುವುದಿಲ್ಲ, ಬಂದದ್ದನ್ನು ತಡೆದುಕೊಳ್ಳುತ್ತಾರೆ. ಸಂಜೆ ಮನೆಗೆ ಬಂದು ಎಲ್ಲರಿಗೂ ಬಡಿಸಿ, ಕೊನೆಗೆ ಉಳಿದದ್ದನ್ನು ಒಮ್ಮೆಲೇ ಹೊಟ್ಟೆ ತುಂಬ ಉಂಡು ಮಲಗುತ್ತಾರೆ. ಇಂಥ ದಿನಚರಿಗೆ ಯಾವ ಪಥ್ಯವೂ ಉತ್ತರವಾಗಲಾರದು. ತೋಟದ ಮಾಲೀಕರು ಈ ಸಭೆಯಲ್ಲಿದ್ದೀರಿ. ಹನಿ ನೀರಾವರಿಗೆ, ಶೆಡ್ಡಿಗೆ ಲಕ್ಷಗಟ್ಟಲೆ ಹಾಕುವ ನೀವು ಒಂದು ಸಂಡಾಸ, ಒಂದು ಕೊಡ ಕುದಿಸಿ ಆರಿಸಿದ ನೀರು, ಊಟಕ್ಕೆ ಅರ್ಧ ತಾಸು ನೆರಳು ಕೊಡಬಲ್ಲಿರಿ. ನೀರು ಶುದ್ಧವಿರಬೇಕೆಂದು ಸುಮ್ಮನೆ ಹೇಳುತ್ತಿಲ್ಲ. 2000ದ ಮೇ ತಿಂಗಳಲ್ಲಿ ಕೆನಡಾದ ವಾಕರ್‌ಟನ್ ಎಂಬ ಸಣ್ಣ ಊರಿನ ಕುಡಿಯುವ ನೀರು ಕೆಟ್ಟು ಸಾವಿರಾರು ಜನರಿಗೆ ವಾಂತಿಭೇದಿಯಾಯಿತು. ಎಂಟು ವರ್ಷಗಳ ನಂತರವೂ ಅವರಲ್ಲಿ ಐಬಿಎಸ್ ಉಳಿದವರ ಸಂಖ್ಯೆ ಬೇರೆಯವರಿಗಿಂತ ಹೆಚ್ಚಿತ್ತು. ಒಮ್ಮೆ ಬಂದ ಭೇದಿ ಗುಣವಾದರೂ ಕರುಳಿನ ಸೂಕ್ಷ್ಮತೆ ಉಳಿದುಬಿಡಬಹುದು.

ವಾರದ ಉಪವಾಸ ಹಿಡಿಯುವವರು, ರೋಜಾ ಇರುವವರು ಇಬ್ಬರಿಗೂ ಒಂದೇ ಸಲಹೆ: ಬಿಡುವಾಗ ಕರಿದದ್ದರಿಂದ ಆರಂಭಿಸಬೇಡಿ. ಖರ್ಜೂರ ಒಂದೆರಡು, ನೀರು, ಸ್ವಲ್ಪ ಹೊತ್ತು ಬಿಟ್ಟು ಊಟ. ಪರೀಕ್ಷೆ ಬಂತೆಂದರೆ ಹೊಟ್ಟೆ ಕೆಡುವ ಹಾಸ್ಟೆಲ್ ಮಕ್ಕಳಿಗೆ ನಿದ್ದೆ ಮತ್ತು ಹೊತ್ತಿನ ಊಟ ಗುಳಿಗೆಯಷ್ಟೇ ಮುಖ್ಯ.

ಒಟ್ಟು ಅಳತೆಗೆ ರಾಷ್ಟ್ರೀಯ ಪೋಷಣ ಸಂಸ್ಥೆಯ 2024ರ ಮಾರ್ಗಸೂಚಿ ನೋಡಿ. 2000 ಕ್ಯಾಲೊರಿಯ ದಿನಕ್ಕೆ ಧಾನ್ಯ 250 ಗ್ರಾಂ, ಕಾಳುಬೇಳೆ 85, ತರಕಾರಿ ಮತ್ತು ಸೊಪ್ಪು 400, ಹಣ್ಣು 100. ಐಬಿಎಸ್ ಇರುವವರಿಗೂ ತಲುಪಬೇಕಾದ ಗುರಿ ಇದೇ. ತಲುಪಲು ತಿಂಗಳುಗಳು ಹಿಡಿಯಲಿ.

ಸಾಮಾನ್ಯ ಬದಲಾವಣೆಗಳಿಂದ ಸಾಲದವರು ಮಾತ್ರ, ಬಲ್ಲವರ ಕಣ್ಣಳತೆಯಲ್ಲಿ, ಎರಡರಿಂದ ಆರು ವಾರ ಉಳ್ಳಾಗಡ್ಡಿ, ಬಳ್ಳೊಳ್ಳಿ, ಗೋಧಿ, ಹಾಲು, ಹೆಚ್ಚು ಕಾಳು ಬಿಟ್ಟಿರಿ. ಆರು ವಾರ ದಾಟಿಸಬೇಡಿ. ಆಮೇಲೆ ಒಂದೊಂದನ್ನೇ ಮರಳಿ ತನ್ನಿ. ಒಂದು ಪದಾರ್ಥಕ್ಕೆ ಮೂರು ದಿನ: ಮೊದಲ ದಿನ ಸ್ವಲ್ಪ, ಮರುದಿನ ಅದರ ಎರಡು ಪಾಲು, ಮೂರನೆಯ ದಿನ ಮನೆಯ ಉಳಿದವರು ಉಣ್ಣುವಷ್ಟು. ಒಗ್ಗಿದರೆ ಗಂಗಾಳಕ್ಕೆ ಸೇರಿಸಿ. ಒಗ್ಗದಿದ್ದರೆ ಎಷ್ಟಕ್ಕೆ ತೊಂದರೆಯಾಯಿತು ಎಂದು ಬರೆದಿಟ್ಟು ಎರಡು ತಿಂಗಳ ನಂತರ ಮತ್ತೆ ನೋಡಿ. ಮೊಸರು ಮೊದಲು, ಆಮೇಲೆ ಹೆಸರು, ಮಡಕಿ, ತೊಗರಿ, ಚಪಾತಿ. ಹಸಿ ಉಳ್ಳಾಗಡ್ಡಿ ಎಲ್ಲಕ್ಕೂ ಕೊನೆಗೆ.

ಈಗ ಪ್ರಶ್ನೆಗಳನ್ನು ಕೇಳಬಹುದು. ಸಭೆಯಲ್ಲಿ ಎದ್ದು ಕೇಳಲು ಸಂಕೋಚವಾಗುವವರು ಚೀಟಿಯಲ್ಲಿ ಬರೆದು ಕಳಿಸಿ, ಹೆಸರು ಬರೆಯುವುದು ಬೇಡ. ಕತ್ತಲಾಗುವ ಮೊದಲು ಬಸ್ಸು ಹಿಡಿಯಬೇಕಾದ ಟಿಕೋಟಾ, ಬಬಲೇಶ್ವರದ ತಾಯಂದಿರ ಚೀಟಿಗಳನ್ನು ಮೊದಲು ತೆಗೆದುಕೊಳ್ಳುತ್ತೇನೆ.